ಅಡುಗೆ ಕಟ್ಟೆಯ ಕಲ್ಲು

ನಾಲ್ಕು ಜನ ಗಂಡಸರು ಅಂಚು ಹಿಡಿದು ಎತ್ತಿದರೂ ಮೇಜು ಅಲುಗಲಿಲ್ಲ.

"ಬಿಡು ಗುರು, ಸೊಂಟ ಹೋಗುತ್ತೆ," ಎಂದ ಒಬ್ಬ. "ಇದು ಮೇಜಲ್ಲ, ಬಂಡೆ."

ಕೆಂಪಾಪುರದ ಆ ಪುಟ್ಟ ಮನೆಯ ಹಾಲಿನಲ್ಲಿ ಗೋಡೆಯುದ್ದಕ್ಕೂ ಹಾಸಿದ್ದ ಕರಿ ಗ್ರಾನೈಟ್ ಚಪ್ಪಡಿ ಅದು. ಕೆಳಗೆ ಸಿಮೆಂಟ್ ಇಟ್ಟಿಗೆಯ ಕಾಲುಗಳು. ಅದು ಸರಿಯದೆ ಮನೆಯ ಯಜಮಾನ ವಿಶ್ವನಾಥರನ್ನು ಕೂರಿಸಲು ಜಾಗವಿರಲಿಲ್ಲ. ಬೆಳಗಿನ ಜಾವ ನಿದ್ದೆಯಲ್ಲೇ ಅವರ ಉಸಿರು ನಿಂತಿತ್ತು. ಬಿಸಿಲೇರುವಷ್ಟರಲ್ಲಿ ಜನ ಗೇಟಿನಾಚೆಗೂ ನಿಂತಿದ್ದರು.

"ಅದರ ಮ್ಯಾಲೇ ಕುಂದರಸ್ರಿ," ಎಂದಳು ಯಶವಂತಪುರದಿಂದ ಬಂದಿದ್ದ ಅವರ ತಂಗಿ ಚಂದ್ರವ್ವ. "ನಮ್ಮ ಅಣ್ಣಗ ಅದೇ ಗದ್ದಿಗಿ."

ಸ್ನಾನ ಮಾಡಿಸಿ, ವಿಭೂತಿ ಬಳಿದು, ಹಾರ ಹಾಕಿ ಅವರನ್ನು ಮೇಜಿನ ಮೇಲೆ ಗೋಡೆಗೊರಗಿಸಿ ಕೂರಿಸಿದರು. ಬಂದವರೆಲ್ಲ ಮೊದಲು ಕಲ್ಲಿಗೆ ಹಣೆ ಮುಟ್ಟಿಸಿ, ಆಮೇಲೆ ಪಾದಕ್ಕೆ ಕೈ ಚಾಚುತ್ತಿದ್ದರು. ಅವರ ಹೆಂಡತಿ ಸಂಗವ್ವ ಅಡುಗೆಮನೆಯ ಬಾಗಿಲಲ್ಲಿ ಕಾಲು ನೀಡಿ ಕೂತು ಅದನ್ನು ನೋಡುತ್ತಿದ್ದಳು. ಮಂಡಿ ಮಡಚಲು ಬಾರದೆ ಎಷ್ಟೋ ವರ್ಷಗಳಾಗಿದ್ದವು.

"ನಮ್ಮ ಸಾರ್ ಫೀಸು ಅಂತ ಒಂದು ದಿನಾನೂ ಕೇಳಿದವರಲ್ಲ," ಎಂದು ಜೀಷಾನ್ ಪಕ್ಕದವರಿಗೆ ಹೇಳುತ್ತಿದ್ದ. ಇದೇ ಬೀದಿಯ ಹುಡುಗ, ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. "ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ಈ ಮೇಜಿಂದ. ಸಂಜೆ ಬಂದ್ರೆ ಪಾಠ, ಜೊತೆಗೆ ಒಗ್ಗರಣೆ ಅವಲಕ್ಕಿ, ಟೀ. ಯಾವತ್ತೂ ಇಲ್ಲ ಅಂದಿದ್ದಿಲ್ಲ."

ಅವಲಕ್ಕಿ ತಾನಾಗಿ ಒಗ್ಗರಣೆಗೊಳ್ಳುತ್ತಿತ್ತು, ಟೀ ತಾನಾಗಿ ಕುದಿಯುತ್ತಿತ್ತು ಎಂದುಕೊಂಡಳು ಸಂಗವ್ವ. ಅವಳ ಕಣ್ಣಲ್ಲಿ ಬೆಳಗಿನಿಂದ ಒಂದು ಹನಿ ನೀರು ಬಂದಿರಲಿಲ್ಲ. ಬಂಧುಗಳು ಅದನ್ನು ಆಘಾತ ಎಂದು ತಿಳಿದರು.

*

ಆ ಕಲ್ಲನ್ನು ಆರಿಸಿದವಳು ಅವಳೇ.

ಗದಗಿನಿಂದ ಬಂದು, ವಿಶ್ವನಾಥರ ಗುಮಾಸ್ತೆ ಸಂಬಳದಲ್ಲಿ ಮನೆ ಕಟ್ಟಿದಾಗ ಅಡುಗೆಮನೆಗೆ ಕಟ್ಟೆ ಹಾಕಿಸುವಷ್ಟರಲ್ಲಿ ಕೈ ಖಾಲಿಯಾಗಿತ್ತು. ಸಂಗವ್ವ ನೆಲದ ಮೇಲೆ ಸ್ಟೌವಿಟ್ಟುಕೊಂಡು ಜೋಳದ ರೊಟ್ಟಿ ಬಡಿದಳು. ಊರ ಕಡೆಯಿಂದ ಬಂದು ರೂಮು ಮಾಡಿಕೊಂಡಿದ್ದ ಹುಡುಗರಿಗೆ ಮಾರಿದಳು. ಆ ದುಡ್ಡು ಕೂಡಿದಾಗ ಗೊರಗುಂಟೆಪಾಳ್ಯದ ಹತ್ತಿರದ ಕಲ್ಲಿನ ಅಂಗಡಿಗೆ ಗಂಡನ ಜೊತೆ ಹೋಗಿ, ಕರಿ ಮೈಯಲ್ಲಿ ಅಕ್ಕಿನುಚ್ಚು ಚೆಲ್ಲಿದಂಥ ಚುಕ್ಕೆಗಳಿದ್ದ ಚಪ್ಪಡಿಯನ್ನು ಬೆರಳಿಟ್ಟು ತೋರಿಸಿದಳು.

ಕಲ್ಲು ಬರುವ ವಾರ ಅವಳ ತಾಯಿಗೆ ಹುಷಾರಿಲ್ಲವೆಂದು ಗದಗಿಗೆ ಹೋಗಬೇಕಾಯಿತು. ತಿರುಗಿ ಬಂದಾಗ ಕಲ್ಲು ಹಾಲಿನಲ್ಲಿತ್ತು. ಬೀದಿಯ ಮಕ್ಕಳು ಸಾಲಾಗಿ ಕೂತು ಅದರ ಮೇಲೆ ಮಗ್ಗಿ ಬರೆಯುತ್ತಿದ್ದರು.

"ಇಷ್ಟುದ್ದದ ಮೇಜು ಮರದಾಗ ಮಾಡಸಾಕ ನಮ್ಮ ಕೈಲಿ ಆಗತಿತ್ತೇನ?" ಎಂದರು ವಿಶ್ವನಾಥ. ಮುಖ ಸಂತೋಷದಿಂದ ಅರಳಿತ್ತು. "ಪಾಪ, ಹುಡುಗರು ತೊಡಿ ಮ್ಯಾಲೆ ಇಟಗೊಂಡು ಬರೀತಿದ್ವು. ನಿನ್ನ ಕಟ್ಟಿ ಮುಂದಿನ ವರ್ಷ ಮಾಡಸೋಣು, ಸಂಗಾ."

ಅವಳು ಒಳಗೆ ಹೋಗಿ ಮಕ್ಕಳಿಗೆಲ್ಲ ಟೀ ಇಟ್ಟಳು.

ಮುಂದಿನ ವರ್ಷ ಬರಲೇ ಇಲ್ಲ. ಮಂಡಿ ಹಿಡಿದ ಮೇಲೆ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅವಳು ಹಿಟ್ಟಿನ ಮುದ್ದೆ ತಂದು, ಕುರ್ಚಿಯಲ್ಲಿ ಕೂತು ಆ ಮೇಜಿನ ಮೇಲೆ ರೊಟ್ಟಿ ಬಡಿದಳು. ತಣ್ಣನೆಯ ಕಲ್ಲಿನ ಮೇಲೆ ರೊಟ್ಟಿ ತಾನಾಗಿ ತಿರುಗಿತು. ಎರಡನೆಯದು ಬಡಿಯುವಾಗ ವಿಶ್ವನಾಥ ಬಂದರು.

"ಮಕ್ಕಳ ಪುಸ್ತಕಕ್ಕ ಹಿಟ್ಟು ಹತ್ತತೈತಿ," ಎಂದರು. ಬೈಯಲಿಲ್ಲ. ಬಟ್ಟೆ ತಂದು ತಾವೇ ಒರೆಸಿದರು. ಬೈದಿದ್ದರೆ ಅವಳೂ ಒಂದು ಮಾತು ತಿರುಗಿಸಿ ಹೇಳುತ್ತಿದ್ದಳೇನೋ.

*

ಹೆಬ್ಬಾಳದ ಫ್ಲೈಓವರಿನಲ್ಲಿ ಸಿಕ್ಕಿಕೊಂಡಿದ್ದ ಶವದ ಗಾಡಿ ತಡವಾಗಿ ಬಂತು. ಸಂಗವ್ವ ರುದ್ರಭೂಮಿಗೆ ಹೋಗಲಿಲ್ಲ. ಮಣ್ಣು ಮಾಡಿ ಬಂದವರು ಕಾಲು ತೊಳೆದು ಅಂಗಳದಲ್ಲಿ ನಿಂತರು. ಮಗಳು ಐಶ್ವರ್ಯ ಜೀಷಾನನನ್ನು ಕರೆದುಕೊಂಡು ಒಳಗೆ ಬಂದಳು.

"ಅಮ್ಮಾ, ಅಪ್ಪನ ಸ್ಟೂಡೆಂಟ್ಸ್ ಎಲ್ಲ ಸೇರಿ ಏನೋ ಅಂದ್ಕೊಂಡಿದ್ದಾರೆ."

"ಆಂಟಿ, ಈ ಮೇಜನ್ನ ಇಲ್ಲಿನ ಲೈಬ್ರರಿಗೆ ಕೊಟ್ರೆ ಸಾರ್ ಹೆಸರಲ್ಲಿ ಇಡ್ತೀವಿ," ಎಂದ ಜೀಷಾನ್. ಅತ್ತು ಅವನ ಕಣ್ಣು ಕೆಂಪಾಗಿತ್ತು. "ಮೇಲೆ ಒಂದು ಬೋರ್ಡು ಹಾಕಿಸ್ತೀವಿ. ಸಾಗಿಸೋ ಜವಾಬ್ದಾರಿ ನಮ್ಮದು."

"ಅಪ್ಪಂಗೆ ಎಷ್ಟು ಖುಷಿಯಾಗ್ತಿತ್ತು ಅಲ್ವಾಮ್ಮಾ?"

"ಆಗತಿತ್ತು," ಎಂದಳು ಸಂಗವ್ವ. "ಆದ್ರ ಅದು ನನ್ನ ಅಡಗಿ ಕಟ್ಟಿ ಕಲ್ಲು. ರೊಟ್ಟಿ ಮಾರಿ ತಂದಿದ್ದು."

ಐಶ್ವರ್ಯ ತಾಯಿಯನ್ನೇ ನೋಡಿದಳು. ಅವಳೂ ಓದಿದ್ದೆಲ್ಲ ಆ ಕಲ್ಲಿನ ಮೇಲೆಯೇ. ಈ ಮಾತು ಮಾತ್ರ ಅವಳು ಕೇಳಿರಲಿಲ್ಲ.

"ನಮಗೆ ಗೊತ್ತೇ ಇರ್ಲಿಲ್ಲ ಆಂಟಿ."

"ಹೆಂಗ ಗೊತ್ತಿರತೈತಪಾ? ಅವರು ಹೇಳಲಿಲ್ಲ, ನೀವು ಕೇಳಲಿಲ್ಲ." ಸಂಗವ್ವ ಬಾಗಿಲ ಚೌಕಟ್ಟು ಹಿಡಿದು ಎದ್ದಳು. "ಆ ಸ್ಟೌ ತಂದು ಇದರ ಮ್ಯಾಲಿಡು. ಸಿಲಿಂಡರ್ ಈ ಕಡೆ ಎಳಿ."

"ವೈನಿ!" ಚಂದ್ರವ್ವ ಓಡಿಬಂದಳು. "ಈಗರೇ ಅಣ್ಣನ್ನ ಎಬ್ಬಿಸಿದ ಜಾಗ ಅದು. ಇವತ್ತು ಈ ಮನ್ಯಾಗ ಒಲಿ ಹಚ್ಚಬಾರ್ದು, ಊಟ ಬ್ಯಾರೆ ಕಡಿಂದ ಬರತೈತಿ. ಮಂದಿ ಏನಂತಾರ?"

"ಅನ್ಲಿ ಬಿಡು. ಇಷ್ಟು ದಿನ ಛಲೋ ಅಂದಾರಲ್ಲ."

ಜೀಷಾನ್ ಐಶ್ವರ್ಯಳ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಒಳಗೆ ಹೋಗಿ ಸ್ಟೌ ಹೊತ್ತು ತಂದ, ಸಿಲಿಂಡರ್ ಎಳೆದ. ಸಂಗವ್ವ ಉದುರಿದ್ದ ಹೂವನ್ನೂ ವಿಭೂತಿಯನ್ನೂ ಸೆರಗಿನಿಂದ ಒಂದು ಬದಿಗೆ ಸರಿಸಿ, ಟೀಗೆ ನೀರಿಟ್ಟು ಒಲೆ ಹಚ್ಚಿದಳು.

ಆಮೇಲೆ ಗೊತ್ತಾಯಿತು. ಕಲ್ಲು ಮಕ್ಕಳು ಕೂತು ಬರೆಯುವ ಎತ್ತರಕ್ಕಿತ್ತು. ನಿಂತು ಅಡುಗೆ ಮಾಡುವವರಿಗೆ ಅದು ತೀರ ತಗ್ಗು.

ಐಶ್ವರ್ಯ ಕುರ್ಚಿ ತಂದು ಹಿಂದೆ ಇಟ್ಟಳು. ಸಂಗವ್ವ ತಿರುಗಿ ನೋಡಲಿಲ್ಲ. ಒಂದು ಕೈ ಕಲ್ಲಿಗೆ ಊರಿ, ಸೊಂಟ ಬಗ್ಗಿಸಿಕೊಂಡು, ಇನ್ನೊಂದು ಕೈಯಿಂದ ಸಕ್ಕರೆ ಕದಡುತ್ತಲೇ ನಿಂತಳು. ಹೊಸ್ತಿಲಾಚೆ ಗಂಡಸರು, ಒಳಗೆ ಬರಬೇಕೋ ಬೇಡವೋ ತಿಳಿಯದೆ, ಒದ್ದೆ ಕಾಲಲ್ಲೇ ನಿಂತಿದ್ದರು.