ಹಕ್ಕಿ ಕೊಡುವುದಿಲ್ಲ

ನನ್ನ ಹಕ್ಕಿಗಳನ್ನು ನಮ್ಮವರು ದಾನ ಮಾಡಿಬಿಟ್ಟಿದ್ದಾರೆ ಎಂದು ನನಗೆ ಗೊತ್ತಾದದ್ದು ಶನಿವಾರ. ತೆಗೆದುಕೊಂಡು ಹೋಗುವವರು ಭಾನುವಾರ ಬರುತ್ತಾರಂತೆ. ಅತ್ತೆ ಸೊತ್ತು ಅಳಿಯ ದಾನ ಮಾಡಿದ ಎನ್ನುವ ಗಾದೆ ಕೇಳಿದ್ದೆ. ಹೆಂಡತಿಯ ಸೊತ್ತನ್ನು ಗಂಡ ದಾನ ಮಾಡಿದ್ದನ್ನು ಅವತ್ತು ಕಣ್ಣಾರೆ ಕಂಡೆ.

ನಮ್ಮವರು ಬ್ರೆಡ್ ಫ್ಯಾಕ್ಟರಿಯಲ್ಲಿ ಹಿಟ್ಟು ಕಲಸುವ ಯಂತ್ರ ನೋಡಿಕೊಳ್ಳುತ್ತಾರೆ. ರಾತ್ರಿ ಪಾಳಿ. ಕೆಟ್ಟವರಲ್ಲ, ಆದರೆ ಯಾರು ಏನು ಹೇಳಿದರೂ ಹೂಂ ಅನ್ನುವ ಚಾಳಿ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ. ಅದಕ್ಕೇ ನಾನು ಅವರಿಗೆ ಹೂಂಗುಟ್ಟಪ್ಪ ಎಂದು ಹೆಸರಿಟ್ಟಿದ್ದೇನೆ. ಹಾಗೆ ಕರೆದರೆ ಅದಕ್ಕೂ ಹೂಂ ಅನ್ನುತ್ತಾರೆ.

"ಮ್ಯಾನೇಜರ್ ಕೇಳಿದ್ರು ಕಣೆ," ಎಂದರು, ನನ್ನ ಮುಖ ನೋಡದೆ. "ಅವರ ಮನೆ ಹಕ್ಕಿ ಸತ್ತೋದ್ವಂತೆ. ನಿಮ್ಮನೇಲಿ ಕೈಮೇಲೆ ಕೂರೋ ಜೋಡಿ ಇದೆಯಂತಲ್ಲ, ಕೊಟ್ಟುಬಿಡು ಅಂದ್ರು. ಹಗಲು ಪಾಳಿ ಕೊಡೋದೂ ಅವರ ಕೈಯಲ್ಲೇ ಇರೋದು. ನಾನೇನನ್ನಲಿ ಹೇಳು?"

"ಹೂಂ ಅಂದ್ರಿ."

"ಹೂಂ."

"ಅಂಗಡೀಲಿ ಸಿಗೋದಿಲ್ವಾ ಅವರಿಗೆ?"

"ಅಂಗಡಿ ಹಕ್ಕಿ ಕಚ್ಚುತ್ತಂತೆ. ಪಳಗಿಸಿದ್ದೇ ಬೇಕಂತೆ."

ಪಳಗಿಸಿದ್ದೇ ಬೇಕಂತೆ. ಬೇಯಿಸಿ ಬಡಿಸಿದ ಮೇಲೆ ತಟ್ಟೆ ಎಳೆದುಕೊಳ್ಳುವವರು ಎಲ್ಲ ಕಡೆಯೂ ಇರುತ್ತಾರೆ.

ನನ್ನದು ಬ್ಯಾಗ್ ರಿಪೇರಿ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಲ್ಲು ಕಿತ್ತ ಜಿಪ್ಪು, ಹರಿದ ಪಟ್ಟಿ, ಕಳಚಿದ ಚಕ್ರ, ಇವೇ ದಿನವಿಡೀ. ಒಳಕೋಣೆಯಲ್ಲಿ ನಮ್ಮವರು ಹಗಲೆಲ್ಲ ಮಲಗಿರುತ್ತಾರೆ. ಅವರು ಏಳುವ ಹೊತ್ತಿಗೆ ನನಗೆ ಅಡುಗೆಯ ಹೊತ್ತು, ನಾನು ಮಲಗುವ ಹೊತ್ತಿಗೆ ಅವರು ಬಸ್ಸಿನಲ್ಲಿ. ಹಗಲು ಪಾಳಿ ನನಗೂ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಗಂಡನಿದ್ದೂ ಒಬ್ಬಳೇ ಉಂಡು ಒಬ್ಬಳೇ ಮಲಗಿ ಸಾಕಾಗಿತ್ತು.

ಆ ಒಂಟಿ ಹಗಲುಗಳಲ್ಲಿ ನನ್ನ ಜೊತೆ ಇದ್ದದ್ದು ಈ ಎರಡು ಹಕ್ಕಿ. ಜನ ಲವ್ ಬರ್ಡ್ಸ್ ಅನ್ನುತ್ತಾರಲ್ಲ, ಆ ಪುಟ್ಟ ಗಿಣಿಗಳು. ನೀಲಿಯದು ಹೆಣ್ಣು, ಜಗಳಗಂಟಿ. ಅದಕ್ಕೆ ಆಗದ್ದು ಕಂಡರೆ ಗಂಡನ ತಲೆಯ ಮೇಲೇ ಕುಕ್ಕುತ್ತದೆ. ಹಸಿರಿನದು ಗಂಡು, ಗುಮಾಸ್ತ. ಏನು ಹೇಳಿದರೂ ತಲೆ ಆಡಿಸುತ್ತದೆ. ಅವನಿಗೂ ನಮ್ಮವರಿಗೂ ಬಲು ಸ್ನೇಹ.

ತಂದ ಹೊಸದರಲ್ಲಿ ನನ್ನ ನೆರಳು ಕಂಡರೂ ಪಂಜರದ ಮೂಲೆಗೆ ಅಂಟಿಕೊಳ್ಳುತ್ತಿದ್ದವು. ನಾನು ದಿನವೂ ಕೆಲಸ ಮುಗಿದ ಮೇಲೆ ಪಂಜರದೊಳಗೆ ಕೈ ಇಟ್ಟು ಅಲ್ಲಾಡದೆ ಕೂತೆ. ಕೈ ಜೋಮು ಹಿಡಿಯಿತು, ಜಗಳಗಂಟಿ ಕಚ್ಚಿ ರಕ್ತ ಬರಿಸಿತು, ನಾನು ಕೈ ತೆಗೆಯಲಿಲ್ಲ. ಈಗ ನಾನು ಜಿಪ್ಪು ಹೊಲಿಯುವಾಗ ಗುಮಾಸ್ತ ಹೆಗಲ ಮೇಲೆ ಕೂತು ನನ್ನ ಕಿವಿಯ ಪಕ್ಕದ ಕೂದಲನ್ನು ಒಂದೊಂದಾಗಿ ನೇವರಿಸುತ್ತದೆ. ಅಷ್ಟು ಜೋಪಾನವಾಗಿ ನನ್ನನ್ನು ಯಾರೂ ಮುಟ್ಟಿಲ್ಲ. ಅದನ್ನು ಕೊಡಬೇಕಂತೆ.

"ಕೊಡೋದಿಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದೆ.

"ನಾಳೆ ಅವರು ಬಂದಾಗ ನೀನೇ ಹೇಳು," ಎಂದರು ನಮ್ಮವರು.

"ಹೂಂ," ಎಂದೆ ನಾನು.

ಭಾನುವಾರ ಮಧ್ಯಾಹ್ನ ಮೂವರು ಬಂದರು. ಮುಂದೆ ಮ್ಯಾನೇಜರ್, ದಪ್ಪ ಮೀಸೆ, ಗರಿಗರಿ ಇಸ್ತ್ರಿಯ ಅಂಗಿ. ಹಿಂದೆ ಅವರ ಹೆಂಡತಿ, ಕೈಯಲ್ಲಿ ಗೋಪುರವಿರುವ ಬಂಗಾರದ ಬಣ್ಣದ ಪಂಜರ. ಅವಳ ಹಿಂದೆ ಮ್ಯಾನೇಜರ ತಾಯಿ. ತೆಳ್ಳನೆಯ ಮುದುಕಿ, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಎಲ್ಲಿ ಕೂರಬೇಕೆಂದು ಸೊಸೆಯ ಮುಖ ನೋಡುತ್ತ ನಿಂತರು.

"ನಮ್ಮತ್ತೇನ ಒಬ್ಬರನ್ನೇ ಮನೇಲಿ ಬಿಟ್ಟು ಬರೋ ಹಾಗಿಲ್ಲ, ಏನು ಮುಟ್ಟಿದ್ರೂ ಎಡವಟ್ಟು," ಎಂದಳು ಸೊಸೆ, ಕಿವುಡರ ಮುಂದೆ ಮಾತಾಡುವ ಹಾಗೆ. ಮುದುಕಿ ಕಿವುಡರಲ್ಲ. ನಾನು ನನ್ನ ಹೊಲಿಗೆ ಯಂತ್ರದ ಮುಂದಿನ ಒಳ್ಳೆ ಕುರ್ಚಿಯನ್ನು ಅವರಿಗೇ ಎಳೆದುಕೊಟ್ಟೆ.

ಹಕ್ಕಿಗಳು ಹೊರಗಿದ್ದವು. ಮಧ್ಯಾಹ್ನ ಅವುಗಳನ್ನು ಪಂಜರದಿಂದ ಬಿಡುವುದು ನಮ್ಮ ಮನೆಯ ಕಟ್ಟಳೆ. ಕಿಟಕಿ ಮುಚ್ಚಿರುತ್ತದೆ, ಬಾಗಿಲಿಗೆ ಬಲೆ ಇಳಿಬಿಟ್ಟಿರುತ್ತದೆ, ಫ್ಯಾನ್ ನಿಂತಿರುತ್ತದೆ. ಫ್ಯಾನಿನ ರೆಕ್ಕೆಗೆ ಸಿಕ್ಕರೆ ಹಕ್ಕಿಯ ಕತೆ ಮುಗಿದಂತೆ. ಅವತ್ತು ಸೆಖೆ ಅಂದರೆ ಸೆಖೆ. ಮ್ಯಾನೇಜರ ಹಣೆಯಿಂದ ಬೆವರಿಳಿದು ಮೀಸೆಯಲ್ಲಿ ತಂಗಿತು. ಅವರು ಒಮ್ಮೆ ಫ್ಯಾನನ್ನೂ ಒಮ್ಮೆ ನಮ್ಮವರನ್ನೂ ನೋಡಿದರು. ನಮ್ಮವರು ಎದ್ದು ಸ್ವಿಚ್ಚಿನ ಕಡೆ ಕೈ ಚಾಚಿದರು.

"ಹಕ್ಕಿ ಹೊರಗಿವೆ," ಎಂದೆ.

ಕೈ ಹಿಂದಕ್ಕೆ ಬಂತು.

ಟೀ ಕೊಟ್ಟೆ. ಬಿಸಿ ಟೀ. ನನಗೇನೂ ಅವರನ್ನು ತಂಪು ಮಾಡುವ ಉಮೇದಿರಲಿಲ್ಲ.

"ನೋಡಮ್ಮ," ಎಂದರು ಮ್ಯಾನೇಜರ್, ಕಿಟಕಿ ಪರದೆಯ ಕೋಲಿನ ಮೇಲೆ ಕೂತಿದ್ದ ಜೋಡಿಯನ್ನು ತೋರಿಸುತ್ತ, "ಇವನ್ನ ರಾಜರ ಹಾಗೆ ನೋಡ್ಕೋತೀವಿ. ಪಂಜರ ನೋಡಿ, ಹೆಂಗಿದೆ."

"ಪಂಜರ ಚೆನ್ನಾಗಿದೆ ಸರ್. ಮುಂಚೆ ಇದ್ದವು ಯಾಕೆ ಸತ್ತವು?"

ನಮ್ಮವರು ಕೆಮ್ಮಿದರು. ಉತ್ತರ ಕೊಟ್ಟವಳು ಸೊಸೆ. "ಎರಡು ಜೋಡಿ ಹೋದ್ವು ರೀ. ರೋಗ ಇಲ್ಲ, ರುಜಿನ ಇಲ್ಲ. ನಾನು ಹೇಳ್ತೀನಿ ಕೇಳಿ, ನಮ್ಮತ್ತೆ ಕೈಗುಣ ಸರಿಯಿಲ್ಲ. ಕಾಳು ಹಾಕೋದು ಅವರ ಕೆಲಸ ಆಗಿತ್ತು. ಈಗ ಗಿಡಕ್ಕೆ ನೀರು ಹಾಕೋಕೂ ಬಿಡಲ್ಲ. ಪಾಪುಗೆ ಊಟ ತಿನ್ನಿಸೋಕೂ ಬಿಡಲ್ಲ ನಾನು, ಇವತ್ತೂ ನಮ್ಮಮ್ಮನ ಹತ್ರ ಬಿಟ್ಟು ಬಂದೆ."

ಮುದುಕಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಟೀಯನ್ನೇ ನೋಡುತ್ತಿದ್ದರು. ಮಗ ಏನಾದರೂ ಹೇಳುತ್ತಾನೇನೋ ಎಂದು ನಾನು ಕಾದೆ. ಮಗ ಬೆವರು ಒರೆಸಿಕೊಂಡ. ಹೌದು, ಅಲ್ಲಿಂದ ಮುಂದೆ ನನ್ನ ಮನಸ್ಸಿನಲ್ಲಿ ಅವರು ಬರಿಯ ಅವನು.

"ಕೈಗುಣ ಗಿಯ್ಗುಣ ನಾನು ನಂಬಲ್ಲ," ಎಂದ ಮ್ಯಾನೇಜರ್, ದೊಡ್ಡ ಉಪಕಾರ ಮಾಡಿದವನಂತೆ. "ಆದ್ರೆ ಅವಕ್ಕೆ ಏನೂ ಕಡಿಮೆ ಮಾಡಿರಲಿಲ್ಲ. ದಿನಾ ಸಂಜೆ ನಾನೇ ಬಟ್ಟಲು ನೋಡ್ತಿದ್ದೆ. ತುಂಬಿರೋದು. ಸತ್ತ ದಿನಾನೂ ತುಂಬಿತ್ತು. ನಮ್ಮ ಫ್ಯಾಕ್ಟರೀಲೂ ಅಷ್ಟೆ, ಇರೋ ಮೂಟೆ ಖಾಲಿಯಾಗದೆ ಹೊಸದು ಬಿಚ್ಚೋ ಹಾಗಿಲ್ಲ."

"ನಾನು ಹಾಕ್ತೀನಿ ಅಂದೆ," ಎಂದರು ಮುದುಕಿ.

ಅದು ಅವರು ಬಾಯಿಬಿಟ್ಟ ಮೊದಲ ಮಾತು. ಎಲ್ಲರೂ ತಿರುಗಿದರು.

"ಅವು ಬಟ್ಟಲ ಅಂಚಲ್ಲಿ ಕೂತು ಕೆದಕ್ತಾನೇ ಇದ್ವು, ಕೆದಕ್ತಾನೇ ಇದ್ವು. ಹಸಿದಿವೆ ಕಣೋ, ಹಾಕ್ತೀನಿ ಅಂದೆ. ತುಂಬಿದೆ ಕಣಮ್ಮ, ಕಣ್ಣು ಕಾಣಲ್ವಾ ಅಂದ. ನೋಡಿದೆ. ತುಂಬೇ ಇತ್ತು."

ಎರಡು ಜೋಡಿ ಹಕ್ಕಿ ಹೇಗೆ ಸತ್ತವೆಂದು ನನಗೆ ಆ ಕ್ಷಣ ಗೊತ್ತಾಯಿತು. ಹೇಳಿದರೆ ಹಗಲು ಪಾಳಿ ಹೋಯಿತು, ಅದೂ ಗೊತ್ತಿತ್ತು. ನಮ್ಮವರು ನನ್ನ ಮುಖ ನೋಡಿ, ಮಳೆ ಬರುವುದನ್ನು ಕಂಡವರಂತೆ ತಮ್ಮ ಲೋಟ ಎತ್ತಿ ಪಕ್ಕಕ್ಕಿಟ್ಟರು.

ಎದ್ದು ಪಂಜರದಿಂದ ಕಾಳಿನ ಬಟ್ಟಲು ತೆಗೆದೆ. ಬೆಳಿಗ್ಗೆ ಹಾಕಿದ್ದು. ಪುಟ್ಟ ಬಟ್ಟಲು, ಕಂಠದವರೆಗೂ ತುಂಬಿತ್ತು. ಮ್ಯಾನೇಜರ ಕೈಗೆ ಕೊಟ್ಟೆ.

"ಇದು ತುಂಬಿದೆಯಾ ಸರ್?"

"ತುಂಬಿದೆಯಲ್ಲ."

"ಒಂದು ಸಲ ಊದಿ."

"ಏನು?"

"ಊದಿ ಸರ್. ಬಿಸಿ ಟೀ ಊದೋ ಹಾಗೆ."

ಅವನು ಊದಿದ. ಬಟ್ಟಲೊಳಗಿದ್ದದ್ದು ಪುಸ್ಸೆಂದು ಎದ್ದಿತು. ಹಳದಿ ಹೊಟ್ಟೆಲ್ಲ ಹಾರಿ ಅವನ ಬೆವರಿದ ಹಣೆಗೆ, ಕೆನ್ನೆಗೆ, ಮೀಸೆಗೆ ಅಂಟಿಕೊಂಡಿತು. ಬಟ್ಟಲ ತಳದಲ್ಲಿ ಬೆರಳೆಣಿಕೆಯ ಕಾಳು ಉಳಿದಿತ್ತು.

"ಈ ಹಕ್ಕಿ ಕಾಳನ್ನ ಇಡಿಯಾಗಿ ನುಂಗಲ್ಲ," ಎಂದೆ. "ಸಿಪ್ಪೆ ಸುಲಿದು ತಿರುಳು ತಿಂದು, ಸಿಪ್ಪೆ ಅಲ್ಲೇ ಬೀಳಿಸುತ್ತೆ. ಮೇಲಿಂದ ನೋಡಿದ್ರೆ ಬಟ್ಟಲು ತುಂಬಿದ ಹಾಗೇ ಇರುತ್ತೆ. ದಿನಾ ಊದಿ ಹೊಸ ಕಾಳು ಹಾಕ್ಬೇಕು. ನನಗೂ ಇದು ಗೊತ್ತಿರಲಿಲ್ಲ, ಕಾಳು ಮಾರೋಳು ಹೇಳಿದ್ಲು. ನಿಮಗೆ ಯಾರೂ ಹೇಳ್ಲಿಲ್ಲ. ನಿಮ್ಮ ಹಕ್ಕಿ ಹಸಿವಿಂದ ಸತ್ತವು ಸರ್, ತುಂಬಿದ ಬಟ್ಟಲ ಮುಂದೆ ಕೂತ್ಕೊಂಡು. ನಿಮ್ಮಮ್ಮ ಕೈ ಹಾಕಿದ್ದಕ್ಕಲ್ಲ, ಹಾಕೋಕೆ ಹೋದ ಕೈಯನ್ನ ನೀವು ತಡೆದಿದ್ದಕ್ಕೆ."

ನಮ್ಮವರು ಇಂಗು ತಿಂದ ಮಂಗನಂತೆ ಕೂತಿದ್ದರು. ಸೊಸೆ ಪಂಜರವನ್ನು ಮಡಿಲಿಂದ ನೆಲಕ್ಕಿಳಿಸಿದಳು. ಮ್ಯಾನೇಜರ್ ಮೀಸೆಯಿಂದ ಒಂದೊಂದೇ ಹೊಟ್ಟು ಕಿತ್ತುಕೊಳ್ಳುತ್ತಿದ್ದ. ತಾಯಿಯ ಕಡೆ ನೋಡಲಿಲ್ಲ.

ಆದರೆ ಅವನು ಮ್ಯಾನೇಜರ್ ಆದದ್ದು ಸುಮ್ಮನೆ ಅಲ್ಲ. ಬೇಗ ಚೇತರಿಸಿಕೊಂಡ.

"ಗೊತ್ತಿಲ್ದೆ ಆಗಿದ್ದು. ಒಳ್ಳೇದಾಯ್ತು, ಈಗ ಗೊತ್ತಾಯ್ತಲ್ಲ. ಇನ್ಮೇಲೆ ದಿನಾ ಊದಿದ್ರಾಯ್ತು. ಹಿಡಿದು ಪಂಜರಕ್ಕೆ ಹಾಕಿಕೊಡಿ, ಹೊತ್ತಾಗುತ್ತೆ."

ಮಾತು ನ್ಯಾಯವಾಗಿಯೇ ಇತ್ತು. ಊದುವುದು ಯಾರಿಗೂ ಬರುವ ಕೆಲಸ. ನನ್ನ ಹತ್ತಿರ ಇದ್ದ ಒಂದೇ ಒಂದು ಕಾರಣವನ್ನೂ ಅವನು ಕಿತ್ತುಕೊಂಡಿದ್ದ. ಒಂದು ಗಳಿಗೆ ನಾನು ಬೇರೆ ಕಾರಣ ಹುಡುಕಿದೆ. ಜೋಡಿಗೆ ಜಾಗ ಒಗ್ಗುವುದಿಲ್ಲ ಅನ್ನಲೇ, ಮೊಟ್ಟೆ ಇಡುವ ಕಾಲ ಅನ್ನಲೇ ಎಂದು. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ನನ್ನ ಮನೆಯಲ್ಲಿ ನಿಂತು, ನನ್ನ ಹಕ್ಕಿಗೆ ನಾನು ಯಾಕೆ ನೆಪ ಹೇಳಬೇಕು?

"ಗೊತ್ತಾಗಿದ್ದು ಒಳ್ಳೇದೇ ಸರ್. ಅಂಗಡೀಲಿ ಬೇಕಾದಷ್ಟು ಹಕ್ಕಿ ಇವೆ. ಇವು ನನ್ನವು. ಕೊಡೋದಿಲ್ಲ."

"ಕಾರಣ?"

"ಕಾರಣ ಇಲ್ಲ. ಕೊಡೋದಿಲ್ಲ."

ಅವನು ನಮ್ಮವರ ಕಡೆ ತಿರುಗಿದ. "ಏನಯ್ಯಾ, ಕೊಡ್ತೀನಿ ಅಂದಿದ್ದೆ ತಾನೆ ನೀನು?"

ಈಗ ಇವರು ಹೂಂ ಅನ್ನುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅಂದರು ಕೂಡ.

"ಹೂಂ ಸರ್, ಅಂದಿದ್ದೆ," ಎಂದರು. "ನಂದಲ್ಲದ್ದನ್ನ ಕೊಡ್ತೀನಿ ಅಂದುಬಿಟ್ಟೆ. ತಪ್ಪಾಯ್ತು. ಅವಳು ಕೊಡಲ್ಲ ಅಂದ್ಮೇಲೆ ಇಲ್ಲ ಸರ್."

ಮದುವೆಯಾದ ಮೇಲೆ ಅವರ ಬಾಯಲ್ಲಿ ಇಲ್ಲ ಎನ್ನುವ ಮಾತು ಕೇಳಿದ್ದು ಅದೇ ಮೊದಲು. ಅವರಿಗೇ ಅದು ಹೊಸ ರುಚಿ ಅನ್ನಿಸಿರಬೇಕು, ತುಟಿ ಸವರಿಕೊಂಡರು. ನನಗೆ ಅವರ ಮೇಲೆ ಹಾಳು ಪ್ರೀತಿ ಉಕ್ಕಿ ಬಂತು.

"ಹಾಗಾದ್ರೆ ಹಗಲು ಪಾಳಿ ಮರೆತುಬಿಡು," ಎಂದು ಮ್ಯಾನೇಜರ್ ಎದ್ದ. "ನಡಿಯಮ್ಮ."

ಸೊಸೆ ಪಂಜರ ಎತ್ತಿಕೊಂಡಳು. ಮುದುಕಿ ಏಳಲಿಲ್ಲ. ಲೋಟವನ್ನು ನನ್ನ ಹೊಲಿಗೆ ಯಂತ್ರದ ಮೇಲಿಟ್ಟು, ಬಲಗೈ ಚಾಚಿದರು.

"ಒಂದಿಷ್ಟು ಕಾಳು ಕೊಡ್ತೀಯೇನಮ್ಮ?"

ಡಬ್ಬದಿಂದ ಕಾಳು ತೆಗೆದು ಅವರ ಅಂಗೈ ಮೇಲೆ ಹಾಕಿದೆ. ಅವರು ಕೈಯನ್ನು ಪರದೆಯ ಕಡೆ ಎತ್ತಿ ಹಿಡಿದು ಕೂತರು. ಗುಮಾಸ್ತ ಕತ್ತು ಕೊಂಕಿಸಿ ನೋಡಿದ, ಎರಡು ಹೆಜ್ಜೆ ಈ ಕಡೆ ಬಂದ, ಮತ್ತೆ ಹೆಂಡತಿಯ ಪಕ್ಕಕ್ಕೇ ಸರಿದ. ಜಗಳಗಂಟಿ ಅತ್ತ ನೋಡಲೂ ಇಲ್ಲ.

"ನೋಡಿದ್ರಾ?" ಎಂದಳು ಸೊಸೆ ಬಾಗಿಲಿಂದ. "ಹಕ್ಕಿಗೂ ಗೊತ್ತಾಗುತ್ತೆ."

"ಹೊಸ ಕೈ ಅದು," ಎಂದೆ. "ಹೊಸ ಕೈಗೆ ಯಾವ ಹಕ್ಕೀನೂ ಬರಲ್ಲ. ನನ್ನ ಕೈಗೂ ಎಷ್ಟೋ ದಿನ ಬರಲಿಲ್ಲ, ಕಚ್ಚಿದ್ದವು. ಬೇಕಾದ್ರೆ ನೀವೂ ಕೈ ಚಾಚಿ ನೋಡಿ."

ಸೊಸೆ ಕೈ ಚಾಚಲಿಲ್ಲ.

"ಅಮ್ಮಾ, ಬಾ ಅಂದ್ನಲ್ಲ," ಎಂದ ಮಗ.

"ನೀವು ಹೋಗಿರಿ," ಎಂದರು ಮುದುಕಿ. ದನಿ ಜೋರಿರಲಿಲ್ಲ, ನಡುಗಲೂ ಇಲ್ಲ. "ನನಗೆ ಬಸ್ಸು ಹತ್ತೋಕೆ ಬರುತ್ತೆ. ಇಷ್ಟು ದಿನ ಕೊಂದೋಳು ಕೊಂದೋಳು ಅಂತ ಅನ್ನಿಸ್ಕೊಂಡು ನಿನ್ನ ಮನೇಲಿ ಕೂತಿದ್ದೆ. ಇವತ್ತು ಸ್ವಲ್ಪ ಹೊತ್ತು ಇಲ್ಲಿ ಕೂತ್ಕೋತೀನಿ."

ಮಗ ಹೊಸ್ತಿಲ ಮೇಲೆ ನಿಂತ. ಬೈದರೆ ನಾವು ಕೇಳುತ್ತೇವೆ, ಎಳೆದೊಯ್ದರೆ ಬೀದಿ ನೋಡುತ್ತದೆ. ಕೊನೆಗೆ ಮೆಟ್ಟಿಲಿಳಿದು, ಖಾಲಿ ಪಂಜರ ಹಿಡಿದ ಹೆಂಡತಿಯ ಜೊತೆ ಎದುರಿನ ನೆರಳಿನಲ್ಲಿ ಕಾಯುತ್ತ ನಿಂತ. ಫ್ಯಾಕ್ಟರಿಯವರು ಯಾರಾದರೂ ಆ ದಾರಿಯಲ್ಲಿ ಹೋಗಲಿ ಎಂದು ನಾನು ಮನಸಾರೆ ಬಯಸಿದೆ.

ಹಕ್ಕಿ ಬರಲಿಲ್ಲ. ಮುದುಕಿಯ ತೋಳು ಸೋತು, ಕೈ ಮೊಣಕಾಲ ಮೇಲಿಳಿಯಿತು. ಅವರು ಕಾಳನ್ನು ಒಂದೂ ಬೀಳದ ಹಾಗೆ ಬಟ್ಟಲಿಗೆ ಸುರಿದು ಎದ್ದರು.

"ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದರು. ಕೇಳಿದ್ದು ನನ್ನನ್ನು.

ನಾನು ಕಿಟಕಿಯ ಒಂದು ಕದವನ್ನು ಹಕ್ಕಿ ಹಾರಿಹೋಗದಷ್ಟೇ ಸರಿಸಿ, ಬೀದಿಯ ಆಚೆ ನಿಂತ ಸೊಸೆಗೂ ಕೇಳುವ ಹಾಗೆ ಉತ್ತರ ಕೊಟ್ಟೆ.

"ಬೆಳಿಗ್ಗೆನೇ ಬನ್ನಿ ಅಮ್ಮ. ಇನ್ಮೇಲೆ ಕಾಳು ನೀವೇ ಹಾಕಿ."