ಬಾಗಿಲು ತೆರೆಯುವ ಹೆಸರು

ಯಾವ ಸೀಮೆ ಎಂದು ಕೇಳಬೇಡಿ, ಒಂದು ಊರಿತ್ತು. ಅಲ್ಲಿಯ ಬೀಗಗಳಿಗೆ ಕೀಲಿಕೈ ಇರಲಿಲ್ಲ, ಕಿವಿ ಇತ್ತು. ಬಾಗಿಲ ಮುಂದೆ ನಿಂತು ಗುಟ್ಟಿನ ಮಾತು ಹೇಳಿದರೆ ಬಾಗಿಲು ತೆರೆಯುತ್ತಿತ್ತು. ಮನೆಯವರು ಹೇಳಿದರೂ ತೆರೆಯುತ್ತಿತ್ತು, ಕಳ್ಳ ಹೇಳಿದರೂ ತೆರೆಯುತ್ತಿತ್ತು, ಪಾಪ, ಬೀಗಕ್ಕೇನು ಗೊತ್ತು? ಅದಕ್ಕೇ ಬಾಗಿಲಿಗೊಂದು, ಪೆಟ್ಟಿಗೆಗೊಂದು, ಕಣಜಕ್ಕೊಂದು, ಉಪ್ಪಿನಕಾಯಿ ಇಡುವ ಗೂಡಿಗೊಂದು ಎಂದು ಪ್ರತಿ ಮನೆಯವರೂ ಏಳೆಂಟು ಮಾತುಗಳನ್ನು ನೆನಪಿಟ್ಟುಕೊಳ್ಳಬೇಕಿತ್ತು.

ಊರಿನ ಸುದ್ದಿಗಾರ ಡಂಗುರದ ಚನ್ನಿಗಪ್ಪ. ದಿನಾ ಬೆಳಿಗ್ಗೆ ತಮಟೆ ಬಡಿಯುತ್ತ ಬಂದು, ಹೊಸದಾಗಿ ಯಾವ ಸಲಕರಣೆ ಬಂದಿದೆ, ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಥಳುಕು ಎಂದು ಸಾರುವುದು ಅವನ ಕಸುಬು. "ತಾನೇ ಗುಡಿಸೋ ಪೊರಕೆ ಬಂದಿದೆ ಕೇಳ್ರಪ್ಪೋ! ರಂಗೋಲಿಯನ್ನೂ ಗುಡಿಸಿಬಿಡುತ್ತೆ, ಹುಷಾರು! ಬೀಸೋ ಕಲ್ಲಿನ ಹಿಡಿ ನಿನ್ನೆವರೆಗೆ ಬಲಕ್ಕಿತ್ತು, ಇವತ್ತಿಂದ ಎಡಕ್ಕೆ. ಯಾಕೆ ಅಂತ ಮಾಡಿದವರಿಗೇ ಗೊತ್ತಿಲ್ಲ! ದೀಪ ಮೊಂಡಾಟ ಮಾಡಿದರೆ ಬಯ್ಯಬೇಡಿ, ಒಂದು ಸಲ ಆರಿಸಿ ಮತ್ತೆ ಹಚ್ಚಿ!" ಎಂದು ಅವನು ಕೂಗಿದರೆ ಹಲ್ಲುಜ್ಜುತ್ತಿದ್ದವರೂ ಹೊರಗೆ ಬಂದು ಕೇಳುತ್ತಿದ್ದರು.

ಅವನು ಸಾರುತ್ತಿದ್ದ ಒಂದೇ ಒಂದು ಮಾತು ಮಾತ್ರ ಯಾರಿಗೂ ಹಿಡಿಸುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ಎಲ್ಲರೂ ತಮ್ಮ ಗುಟ್ಟಿನ ಮಾತುಗಳನ್ನು ಬದಲಾಯಿಸಬೇಕು. ಒಂದೊಂದರಲ್ಲೂ ಒಂದು ಹಣ್ಣು, ಒಂದು ಹಕ್ಕಿ, ಒಂದು ಅಂಕಿ ಇರಬೇಕು. ಹಿಂದೆ ಇಟ್ಟದ್ದನ್ನು ಮತ್ತೆ ಇಡಬಾರದು. ಯಾರಿಗೂ ಹೇಳಬಾರದು, ಎಲ್ಲೂ ಬರೆಯಬಾರದು. ಊರಿನ ಜನ ಒಳ್ಳೆಯವರೇ, ಆದರೆ ದೇವರು ಕೊಟ್ಟದ್ದು ಒಂದೇ ತಲೆ. ಅವರು ಸುಲಭದ ದಾರಿ ಕಂಡುಕೊಂಡರು. ಹೋಗಿ ದೊಡ್ಡಮ್ಮನಿಗೆ ಹೇಳಿಬಿಟ್ಟರು.

ದೊಡ್ಡಮ್ಮ ಎಂದರೆ ಕೊನೆಯ ಬೀದಿಯ ಜಗಲಿ ಮನೆಯ ಮುದುಕಿ. ಚೆಲುವಾಜಮ್ಮ ಎಂಬ ಚೆಂದದ ಹೆಸರೇನೋ ಆಕೆಗಿತ್ತು. ಆದರೆ ಹಿರಿಯರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಆ ಊರಿನಲ್ಲಿರಲಿಲ್ಲ. ಅತ್ತೆ ಬದುಕಿದ್ದಾಗ ಮೂರು ಬೀದಿಗೂ ಕೇಳುವಂತೆ "ಚೆಲುವಾಜಮ್ಮಾ!" ಎಂದು ಕೂಗುತ್ತಿದ್ದಳು. ಅತ್ತೆ ಹೋಗಿ ಮೂವತ್ತು ವರ್ಷವಾಗಿತ್ತು. ಅಂದಿನಿಂದ ಆಕೆ ಊರಿಗೆಲ್ಲ ದೊಡ್ಡಮ್ಮ.

ನಾನೂರು ಗುಟ್ಟಿನ ಮಾತುಗಳು ದೊಡ್ಡಮ್ಮನ ತಲೆಯಲ್ಲಿದ್ದವು. ಗರಡಿಯ ಭರಮಣ್ಣನ ಪೆಟ್ಟಿಗೆ ತೆರೆಯುವುದು "ನೇರಳೆ, ಗುಬ್ಬಚ್ಚಿ, ಮೂರು" ಎಂದರೆ. ಅಷ್ಟು ದೊಡ್ಡ ಮೀಸೆಯವನಿಗೆ ಗುಬ್ಬಚ್ಚಿ ಯಾಕೆ ಎಂದು ಆಕೆ ಒಂದು ದಿನವೂ ಕೇಳಲಿಲ್ಲ, ಇನ್ನೊಬ್ಬರಿಗೆ ಹೇಳಲೂ ಇಲ್ಲ. ಮಾತು ಕೇಳಲು ಬಂದವರು ಮಜ್ಜಿಗೆ ಕುಡಿದು, ಸೊಸೆಯ ಮೇಲೆ ದೂರು ಹೇಳಿ, ಒಂದಿಷ್ಟು ನಕ್ಕು ಎದ್ದು ಹೋಗುತ್ತಿದ್ದರು. ಜಗಲಿ ಎಂದೂ ಬರಿದಾಗಿರಲಿಲ್ಲ. ದೊಡ್ಡಮ್ಮನಿಗೆ ಅದಕ್ಕಿಂತ ಹೆಚ್ಚಿನ ಸುಖ ಬೇಕಿರಲಿಲ್ಲ.

ಆದರೆ ವಯಸ್ಸು ಯಾರ ಮಾತು ಕೇಳುತ್ತದೆ? ಒಂದು ಮಧ್ಯಾಹ್ನ ಕುಂಬಾರಗಿತ್ತಿ ಕೆಂಚಮ್ಮ ಬಂದು ಬಾಗಿಲಿನ ಮಾತು ಕೇಳಿದಾಗ ದೊಡ್ಡಮ್ಮ ಇನ್ಯಾರದೋ ಮಾತು ಹೇಳಿ ಕಳಿಸಿದಳು. ಕೆಂಚಮ್ಮ ಉರಿಬಿಸಿಲಲ್ಲಿ ತನ್ನ ಮನೆಯ ಮುಂದೆ "ಸೀಬೆ, ಕೊಕ್ಕರೆ, ಹದಿನಾರು" ಎಂದು ಗಂಟಲು ಒಣಗುವ ತನಕ ಕೂಗಿದಳು. ಬೇಸರ ಮಾಡಿಕೊಳ್ಳಲಿಲ್ಲ, ನಗುತ್ತಲೇ ಮತ್ತೆ ಬಂದಳು. ಆದರೆ ದೊಡ್ಡಮ್ಮ ಹೆದರಿಬಿಟ್ಟಳು.

ಆ ವಾರವೇ ಚನ್ನಿಗಪ್ಪ ಒಂದು ಹಿತ್ತಾಳೆ ಡಬ್ಬಿ ಹಿಡಿದುಕೊಂಡು ಅವಳ ಜಗಲಿಗೆ ಬಂದ. ಯಾವ ಹೊಸ ವಸ್ತುವನ್ನೂ ಅವನು ನೇರವಾಗಿ ಬೀದಿಯಲ್ಲಿ ಸಾರುತ್ತಿರಲಿಲ್ಲ. ಮೊದಲು ದೊಡ್ಡಮ್ಮನ ಕೈಗೆ ಕೊಡುತ್ತಿದ್ದ. ದೊಡ್ಡಮ್ಮನಿಗೆ ಬಳಸಲು ಬಂದರೆ ಊರಿಗೆಲ್ಲ ಬಂದೀತು ಎಂಬುದು ಅವನ ಲೆಕ್ಕಾಚಾರ.

"ಇದು ನೆನಪಿನ ಡಬ್ಬಿ ದೊಡ್ಡಮ್ಮ. ಬಾಗಿಲ ಪಕ್ಕ ತೂಗುಹಾಕೋದು. ಮನೆಯ ಮಾತೆಲ್ಲ ಒಂದು ಸಲ ಇದಕ್ಕೆ ಹೇಳಿಬಿಟ್ಟರೆ ಆಯ್ತು, ಅದೇ ನೆನಪಿಟ್ಟುಕೊಂಡು ಬೀಗಗಳಿಗೆಲ್ಲ ಅದೇ ಹೇಳುತ್ತೆ. ನಾವು ನೆನಪಿಡಬೇಕಾದ್ದು ಡಬ್ಬಿ ತೆರೆಯೋ ಒಂದೇ ಒಂದು ಮಾತು. ಸತ್ತರೂ ಮರೆಯದಂಥ ಮಾತಾಗಿರಬೇಕು, ಅಷ್ಟೇ."

ದೊಡ್ಡಮ್ಮ ಎಂಟು ದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಪಿಸುಗುಟ್ಟಿ ನೋಡಿದಳು, ಕೆಮ್ಮಿ ನೋಡಿದಳು, ಬೇಕೆಂದೇ ತಪ್ಪು ಹೇಳಿ ನೋಡಿದಳು. ಡಬ್ಬಿ ಒಂದು ಸಲವೂ ತಪ್ಪಲಿಲ್ಲ.

"ಒಳ್ಳೇದು ಕಣೋ. ಸಾರು," ಎಂದಳು.

ಚನ್ನಿಗಪ್ಪ ತಲೆ ಕೆರೆದುಕೊಂಡ. "ಸಾರಿದರೆ ನಿಮ್ಮ ಜಗಲಿಗೆ ಯಾರು ಬರ್ತಾರೆ?"

"ಅವರು ಬರೋದು ಬಾಗಿಲು ತೆರೀಲಿ ಅಂತ. ತೆರೀತದಲ್ಲ. ಸಾರು ಹೋಗು."

ಹೀಗೆ ದೊಡ್ಡಮ್ಮ ತನ್ನ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಳು. ಹದಿನೈದು ದಿನದಲ್ಲಿ ಬಾಗಿಲುಬಾಗಿಲಿಗೂ ಡಬ್ಬಿ ಬಂತು, ಜಗಲಿ ಬರಿದಾಯಿತು. ಆಕೆ ದಿನಾ ಗುಡಿಸಿ, ಸಾರಿಸಿ, ಮಜ್ಜಿಗೆ ಕಡೆದು ಕೂರುತ್ತಿದ್ದಳು. ಮಜ್ಜಿಗೆ ಹುಳಿಯಾಗುತ್ತಿತ್ತು. ಬೀದಿಯಲ್ಲಿ ಹೋಗುವವರು "ಚೆನ್ನಾಗಿದ್ದೀರಾ ದೊಡ್ಡಮ್ಮ?" ಎಂದು ಕೇಳುತ್ತಿದ್ದರು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. 'ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ' ಎಂದು ಅತ್ತೆ ಹೇಳುತ್ತಿದ್ದದ್ದು ಆಕೆಗೆ ನೆನಪಾಗಿ, ಕಣ್ಣಲ್ಲಿ ನೀರು ಬಂತು. ಯಾರ ಮೇಲೂ ಕೋಪವಿರಲಿಲ್ಲ. ತನ್ನನ್ನು ಮರೆತುಬಿಟ್ಟರಲ್ಲ ಎಂಬ ಸಂಕಟ ಮಾತ್ರ.

ಒಂದು ಸಂಜೆ ಮೊಸರಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಕೆಂಚಮ್ಮನ ಮನೆಯತ್ತ ನಡೆದಳು. ಕೆಂಚಮ್ಮ ಆಗತಾನೇ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬಂದು ಬಾಗಿಲ ಮುಂದೆ ನಿಂತಿದ್ದಳು. ಹಿಂದೆ ಯಾರಿದ್ದಾರೆಂದು ನೋಡದೆ ಡಬ್ಬಿಗೆ ಹೇಳಿದಳು:

"ಚೆಲುವಾಜಮ್ಮ."

ಬಾಗಿಲು ತೆರೆಯಿತು. ದೊಡ್ಡಮ್ಮನಿಗೆ ಒಂದು ಕ್ಷಣ ಅತ್ತೆಯೇ ಎದ್ದು ಬಂದಂತಾಯಿತು. "ಏನೇ, ನನ್ನ ಹೆಸರು ಹಿಡಿದು ಕರೀತೀಯಲ್ಲೇ!" ಎಂದು ಗದರಿದಳು.

ಕೆಂಚಮ್ಮ ಬೆಚ್ಚಿ ತಿರುಗಿದಳು, ಕೊಡದ ನೀರು ಅರ್ಧ ಅವಳ ಮೈಮೇಲೇ ಸುರಿಯಿತು. "ತಪ್ಪಾಯ್ತು ದೊಡ್ಡಮ್ಮ. ಸತ್ತರೂ ಮರೆಯದಂಥ ಮಾತು ಇಡಿ ಅಂದರಲ್ಲ, ನನಗೆ ಇದೇ ಹೊಳೀತು. ನಿಮ್ಮ ಹೆಸರು ಈ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ಇದಕ್ಕಿಂತ ಗುಟ್ಟಿನ ಮಾತು ಎಲ್ಲಿದೆ, ಹೇಳಿ?"

ದೊಡ್ಡಮ್ಮ ಹೆಪ್ಪು ಕೇಳುವುದನ್ನೇ ಮರೆತು ಖಾಲಿ ಬಟ್ಟಲಿನೊಂದಿಗೆ ಹಿಂತಿರುಗಿದಳು. ದಾರಿಯಲ್ಲಿ ಭರಮಣ್ಣ ತನ್ನ ಬಾಗಿಲ ಮುಂದೆ ಬಗ್ಗಿ, ಮೀಸೆ ಡಬ್ಬಿಗೆ ತಾಗುವಷ್ಟು ಹತ್ತಿರದಿಂದ ಏನೋ ಪಿಸುಗುಟ್ಟುತ್ತಿದ್ದ. ಆಕೆ ನಿಂತು ಕೇಳಿಸಿಕೊಂಡಳು. ಅದೂ ಅವಳ ಹೆಸರೇ. ಮರುದಿನ ಬೇಕೆಂದೇ ಹೊತ್ತು ನೋಡಿಕೊಂಡು ಬೀದಿ ಸುತ್ತಿದಳು. ಶಾಲೆಯ ಮೇಷ್ಟರ ಮನೆ, ಗಾಣದ ಮನೆ, ಹತ್ತು ವರ್ಷದಿಂದ ಮಾತು ಬಿಟ್ಟ ವಾರಗಿತ್ತಿಯರಿಬ್ಬರ ಎದುರುಬದುರು ಮನೆ, ಎಲ್ಲೆಲ್ಲೂ ಅದೇ. ಪ್ರತಿಯೊಬ್ಬರೂ ತಮ್ಮೊಬ್ಬರಿಗೇ ಹೊಳೆದ ಉಪಾಯವೆಂದು ತಿಳಿದು ಅದನ್ನೇ ಇಟ್ಟಿದ್ದರು. ದೊಡ್ಡಮ್ಮ ಮನೆಗೆ ಬಂದು ಕದ ಮುಂದೆ ಮಾಡಿ, ಹುಚ್ಚಿಯ ಹಾಗೆ ಒಬ್ಬಳೇ ನಕ್ಕಳು. ಅಷ್ಟು ಸಂತೋಷ ಆಕೆಗೆ ಮದುವೆಯ ದಿನವೂ ಆಗಿರಲಿಲ್ಲ.

ಸಂತೋಷ ನಾಲ್ಕು ದಿನ ಉಳಿಯಿತು. ಐದನೆಯ ದಿನ ಚನ್ನಿಗಪ್ಪ ಜೋರಾಗಿ ತಮಟೆ ಬಡಿಯುತ್ತ ಬಂದ. "ಕೇಳ್ರಪ್ಪೋ! ಪಕ್ಕದ ಊರಿಗೆ ಹಕ್ಕಿ ಕಳ್ಳರು ಬಂದಿದ್ದಾರೆ! ಗೊರವಂಕಕ್ಕೆ ಸಾವಿರಾರು ಹೆಸರು ಕಲಿಸಿ ಬಿಡ್ತಾರೆ. ಅದು ಬಾಗಿಲ ಮುಂದೆ ಕೂತು ದೇವರ ಹೆಸರು, ಮಕ್ಕಳ ಹೆಸರು, ಹೆಂಗಸರ ಹೆಸರು, ತಿಂಡಿಯ ಹೆಸರು ಒಂದೊಂದಾಗಿ ಹೇಳ್ತಾ ಹೋಗುತ್ತೆ. ಯಾವುದಾದರೊಂದಕ್ಕೆ ಬಾಗಿಲು ತೆರೀತದೆ. ಆ ಊರಲ್ಲಿ ಅರ್ಧಕ್ಕರ್ಧ ಮನೆಗಳು ಬರಿದಾಗಿವೆ!"

ಜನ ನಕ್ಕರು. "ನಮ್ಮ ಮಾತು ಹಕ್ಕಿಗೆ ಹೊಳೆಯೋದುಂಟೇ!" ಎಂದು ಒಳಗೆ ಹೋದರು.

ದೊಡ್ಡಮ್ಮನಿಗೆ ನಗು ಬರಲಿಲ್ಲ. ಹಕ್ಕಿ ಬರಬೇಕು, ಒಂದು ಮನೆಯ ಮುಂದೆ ಒಂದು ಹೆಸರು ಹೇಳಬೇಕು, ಊರಿಗೆ ಊರೇ ಬರಿದಾದಂತೆ. ಅದನ್ನು ಬಲ್ಲವಳು ಆಕೆ ಒಬ್ಬಳೇ. ಬಾಯಿಬಿಟ್ಟರೆ ಮೂವತ್ತು ವರ್ಷದ ಮೇಲೆ ಊರ ಬಾಯಿಗೆ ಬಂದ ತನ್ನ ಹೆಸರನ್ನು ತನ್ನ ಕೈಯಾರೆ ಅಳಿಸಬೇಕು. ಬಾಯಿ ಮುಚ್ಚಿಕೊಂಡರೆ ಭರಮಣ್ಣನ ಪೆಟ್ಟಿಗೆಯೂ ಇಲ್ಲ, ಕೆಂಚಮ್ಮನ ಕಣಜವೂ ಇಲ್ಲ. 'ಇನ್ನೊಂದು ದಿನ ಇರಲಿ' ಎಂದು ಆಕೆಯ ಮನಸ್ಸು ಅಂಗಲಾಚಿತು. ಆಕೆ ಒಂದು ದಿನ ಸುಮ್ಮನಿದ್ದಳು ಕೂಡ. ಮರುದಿನ ತನ್ನ ಮೇಲೆ ತಾನೇ ರೇಗಿಕೊಂಡು ಮನೆಮನೆಗೆ ಹೊರಟಳು.

"ಭರಮಣ್ಣ, ಡಬ್ಬಿಗೆ ನನ್ನ ಹೆಸರಿಟ್ಟಿದ್ದರೆ ಬದಲಾಯಿಸಪ್ಪ."

"ನಿಮ್ಮ ಹೆಸರೇ? ಛೆ ಛೆ! ನಾನು ಬೇರೆ ಏನೋ ಇಟ್ಟಿದ್ದೀನಿ ದೊಡ್ಡಮ್ಮ."

ಮೇಷ್ಟರೂ ಹಾಗೇ ಎಂದರು, ವಾರಗಿತ್ತಿಯರೂ ಹಾಗೇ ಎಂದರು. ಹೆಸರು ಹೇಳುವಾಗಲೇ ಸಿಕ್ಕಿಬಿದ್ದಿದ್ದ ಕೆಂಚಮ್ಮ ಕೂಡ "ಅವತ್ತೇ ಬದಲಾಯಿಸಿದೆ" ಎಂದು ನೆಲ ನೋಡಿದಳು. ಗುಟ್ಟನ್ನು ಯಾರಿಗೂ ಹೇಳಬಾರದೆಂದು ಚನ್ನಿಗಪ್ಪ ವರ್ಷಗಟ್ಟಲೆ ಸಾರಿದ್ದನ್ನು ಆ ಊರು ಮೊಟ್ಟಮೊದಲ ಸಲ ಪಾಲಿಸಿತ್ತು. ಅದೂ ದೊಡ್ಡಮ್ಮನ ಮುಂದೆ.

ಮಧ್ಯಾಹ್ನ ಎಲ್ಲರೂ ಬಾಗಿಲು ಹಾಕಿಕೊಂಡು ಊಟಕ್ಕೆ ಕೂತ ಹೊತ್ತಿನಲ್ಲಿ ದೊಡ್ಡಮ್ಮ ಮೂರು ಬೀದಿ ಕೂಡುವ ಕಡೆ ಹೋಗಿ ನಿಂತಳು. ಸೆರಗು ಸೊಂಟಕ್ಕೆ ಸಿಗಿಸಿ, ಉಸಿರು ಎಳೆದುಕೊಂಡು, ಥೇಟ್ ಅತ್ತೆಯ ದನಿಯಲ್ಲಿ ಕೂಗಿದಳು:

"ಚೆಲುವಾಜಮ್ಮಾ!"

ದಡ್, ದಡ್, ದಡ್ ಎಂದು ಮೂರು ಬೀದಿಯ ಬಾಗಿಲುಗಳೂ ತೆರೆದುಕೊಂಡವು. ಒಳಗೆ ಪೆಟ್ಟಿಗೆಗಳು ಬಾಯಿ ಬಿಟ್ಟವು, ಉಪ್ಪಿನಕಾಯಿ ಗೂಡುಗಳು ತೆರೆದು ಬೀದಿಯೆಲ್ಲ ಇಂಗಿನ ಘಮ. ಅನ್ನ ಮೆತ್ತಿದ ಕೈಯಲ್ಲೇ ಜನ ಹೊಸಿಲಿಗೆ ಓಡಿ ಬಂದರು. ತಮ್ಮ ಬಾಗಿಲು ನೋಡಿದರು, ಎದುರು ಮನೆಯ ಬಾಗಿಲು ನೋಡಿದರು, ಆಮೇಲೆ ನಡುಬೀದಿಯಲ್ಲಿ ನಿಂತ ಮುದುಕಿಯನ್ನು ನೋಡಿದರು. ಭರಮಣ್ಣ ಟವಲಿನಿಂದ ಮುಖ ಮುಚ್ಚಿಕೊಂಡ. ಹತ್ತು ವರ್ಷ ಮಾತು ಬಿಟ್ಟಿದ್ದ ವಾರಗಿತ್ತಿಯರಲ್ಲಿ ದೊಡ್ಡವಳು ಸಣ್ಣವಳನ್ನು ಕೇಳಿದಳು: "ನೀನೂನಾ?"

"ನನಗೆ ಒಂದು ಉಸಿರು ಸಾಕಾಯ್ತು," ಎಂದಳು ದೊಡ್ಡಮ್ಮ. "ಹಕ್ಕಿಗೆ ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಒಬ್ಬೊಬ್ಬರೂ ಬದಲಾಯಿಸಬೇಕು. ಏನಿಟ್ಟಿರಿ ಅಂತ ನನಗೂ ಹೇಳಬೇಡಿ."

ಜನ ಒಬ್ಬೊಬ್ಬರಾಗಿ ತಮ್ಮ ಡಬ್ಬಿಯತ್ತ ತಿರುಗಿದರು. ಬೇರೆ ಊರಿಗೆ ಸುದ್ದಿ ತರಲು ಹೋಗಿದ್ದ ಚನ್ನಿಗಪ್ಪ ಸಂಜೆ ಬಂದವನೇ ವಿಷಯ ತಿಳಿದು, ಮೂರು ಬೀದಿಯಲ್ಲೂ ಕಟ್ಟುನಿಟ್ಟಾಗಿ ಸಾರಿದ: "ಬದಲಾಯಿಸದವನು ಊರಿಗೇ ದ್ರೋಹಿ!"

ಬೆಳಿಗ್ಗೆ ದೊಡ್ಡಮ್ಮ ಪರೀಕ್ಷೆ ಮಾಡಲು ಹೊರಟಳು. ಪ್ರತಿ ಮನೆಯ ಮುಂದೆಯೂ ನಿಂತು ತನ್ನ ಹೆಸರು ಹೇಳಿದಳು. ಕೆಂಚಮ್ಮನ ಬಾಗಿಲು ಅಲ್ಲಾಡಲಿಲ್ಲ, ಭರಮಣ್ಣನದೂ ಅಲ್ಲಾಡಲಿಲ್ಲ. ಮೂರು ಬೀದಿ ಮುಗಿಯುವ ಹೊತ್ತಿಗೆ ಊರು ಭದ್ರವಾಗಿದೆ ಎಂದು ಖಾತ್ರಿಯಾಯಿತು. ಒಂದಾದರೂ ಬಾಗಿಲು ತೆರೆಯಬಾರದಿತ್ತೇ ಎಂದು ಒಳಗೊಳಗೇ ಅಂದುಕೊಂಡಳು. ತನ್ನ ಹೆಸರು ತನ್ನ ಬಾಯಲ್ಲೇ ಸಪ್ಪೆಯಾಗಿತ್ತು.

ಊರು ಭದ್ರವಾಯಿತೆಂದು ಸಾರಲು ಹೇಳಬೇಕಲ್ಲ, ಆಕೆ ಚನ್ನಿಗಪ್ಪನ ಮನೆಗೆ ಹೋದಳು. ಅವನದು ಊರಿಂದಾಚೆ, ಕೆರೆಯ ಏರಿಯ ಮೇಲಿನ ಒಂಟಿ ಮನೆ. ಬಾಗಿಲು ಮುಚ್ಚಿತ್ತು. ಇಷ್ಟು ಹೊತ್ತೂ ಹೇಳಿದ ಅಭ್ಯಾಸಬಲದಲ್ಲಿ ದೊಡ್ಡಮ್ಮ ಇಲ್ಲಿಯೂ ಒಮ್ಮೆ ಹೇಳಿದಳು.

ಬಾಗಿಲು ತೆರೆಯಿತು.

ಒಳಗೆ ಚನ್ನಿಗಪ್ಪ ತಮಟೆ ಒರೆಸುತ್ತ ಕೂತಿದ್ದ. ಆಕೆಯನ್ನು ನೋಡಿ ಅವನ ಕೈ ನಿಂತಿತು.

"ಊರಿಗೆಲ್ಲ ಸಾರಿದವನು ನೀನೇ ಅಲ್ಲವೇನೋ?"

"ಸಾರಿದ್ದು ಊರಿಗಲ್ವೇ ದೊಡ್ಡಮ್ಮ," ಎಂದ ಅವನು ಮೆಲ್ಲಗೆ. "ನಿನ್ನೆಯಿಂದ ಮೂರು ಸಲ ಡಬ್ಬಿ ಮುಂದೆ ನಿಂತೆ. ಬದಲಾಯಿಸೋಕೆ ಮನಸ್ಸು ಬರಲಿಲ್ಲ. ಕದ್ದರೆ ಈ ತಮಟೆ ಕದಿಯಬೇಕು. ಇನ್ನೇನಿದೆ ನನ್ನ ಹತ್ತಿರ?"

"ಆ ತಮಟೆ ಹೋದರೆ ಊರಿಗೆ ಎಚ್ಚರಿಕೆ ಹೇಳೋರು ಯಾರು, ದಡ್ಡ? ಈಗಲೇ ಬದಲಾಯಿಸು."

"ಆಯ್ತು," ಎಂದು ಅವನು ಎದ್ದ.

ದೊಡ್ಡಮ್ಮ ಹೊಸಿಲಲ್ಲೇ ನಿಂತಿದ್ದಳು. ಸೂರಿನ ಅಂಚಿನಲ್ಲಿ ಎಲ್ಲಿಂದಲೋ ಬಂದ ಒಂದು ಗೊರವಂಕ ಕತ್ತು ಓರೆ ಮಾಡಿ ಕೂತಿತ್ತು. ಆಕೆ ಅದನ್ನು ನೋಡಿದಳು. ಚೆನ್ನಾಗಿಯೇ ನೋಡಿದಳು. ಆಮೇಲೆ ಚನ್ನಿಗಪ್ಪನನ್ನು ಹೊರಗೆ ಕರೆದು, ಬಾಗಿಲು ಎಳೆದು ಮುಚ್ಚಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಬದಲಾಯಿಸೋದು ಇದ್ದೇ ಇದೆ. ಅದಕ್ಕೆ ಮೊದಲು ಒಂದೇ ಒಂದು ಸಲ ನಿನ್ನ ಬಾಯಲ್ಲಿ ಬಾಗಿಲು ತೆಗೆಸು, ಕೇಳೋಣ. ಜೋರಾಗಿ ಹೇಳು, ನನಗೆ ಕಿವಿ ಸ್ವಲ್ಪ ಮಂದ."