ಬಿಸಿಲಿಗೆ ಕಣ್ಣು ಬಿಡದ ಟ್ಯಾಬ್

ರಸ್ತೆ ಅಗಲ ಮಾಡುವ ಮುಂಚೆ ಅಂಚಿನ ಮರಗಳನ್ನು ಎಣಿಸಿ, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅಂತ ಬರೆದುಕೊಡುವುದು ಅವಳ ಕೆಲಸ. ಹೋದ ವರ್ಷದವರೆಗೂ ಕಾಗದ, ಪೆನ್ನು ಇದ್ದವು. ಈ ಸಲ ಆಫೀಸಿನವರು ಕೈಗೊಂದು ಟ್ಯಾಬ್ ಕೊಟ್ಟು, ಇನ್ನು ಮೇಲೆ ಎಲ್ಲ ಇದರಲ್ಲೇ ಅಂದಿದ್ದರು. ಕೊಟ್ಟವರು ಅದನ್ನು ಫ್ಯಾನಿನ ಕೆಳಗೆ ಕೂತು ನೋಡಿದ್ದರೇ ಹೊರತು ಬಿಸಿಲಿಗೆ ಹಿಡಿದಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೇ ಅವಳ ತಾಳ್ಮೆ ತಳ ಮುಟ್ಟಿತ್ತು. ಪರದೆಯಲ್ಲಿ ಆಕಾಶ ಕಾಣುತ್ತಿತ್ತು, ಕರೆಂಟು ತಂತಿ ಕಾಣುತ್ತಿತ್ತು, ಅವಳದೇ ಬೆವರಿದ ಮೂಗು ಕಾಣುತ್ತಿತ್ತು. ತುಂಬಬೇಕಾದ ಕಾಲಂ ಒಂದು ಬಿಟ್ಟು. ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. ಕೊನೆಗೆ ಸ್ಕಾರ್ಫನ್ನು ತಲೆ ಮೇಲೆ ಎಳೆದುಕೊಂಡು ಅದರೊಳಗೆ ಟ್ಯಾಬ್ ಸಮೇತ ಸೇರಿಕೊಂಡಾಗ, ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಪಾಪ ಅಳುತ್ತಿದ್ದಾಳೇನೋ ಅಂತ ನೀರಿನ ಬಾಟಲಿ ತಂದುಕೊಟ್ಟಳು.

ಮೇಲ್ವಿಚಾರಕರಿಗೆ ಫೋನ್ ಮಾಡಿದರೆ, ಬ್ರೈಟ್‌ನೆಸ್ ಪೂರ್ತಿ ಏರಿಸಿ ಅಂದರು. ಏರಿಸಿದಳು. ಹತ್ತು ನಿಮಿಷ ಏನೋ ಕಂಡಂತಾಯಿತು. ಆಮೇಲೆ ಟ್ಯಾಬ್ ಹಂಚಿನ ಹಾಗೆ ಕಾದು ತಾನಾಗಿಯೇ ಆರಿಹೋಯಿತು. ಅದು ತಣಿದು ಮತ್ತೆ ಹೊತ್ತಿಕೊಂಡ ಮೇಲೆ, ಕಣ್ಣಿಗಾದರೂ ತಂಪಿರಲಿ ಅಂತ ಗಂಡ ಕೊಡಿಸಿದ್ದ ಕಪ್ಪು ಕನ್ನಡಕ ಏರಿಸಿದಳು. ಪರದೆ ಕಪ್ಪೋ ಕಪ್ಪು. ಸತ್ತೇ ಹೋಯಿತು ಅಂತ ಗುಂಡಿ ಒತ್ತಿದ್ದೇ ಒತ್ತಿದ್ದು. ಕಾಂಡದ ಸುತ್ತಳತೆ ಹಿಡಿಯಲು ಜೊತೆಗೆ ಬರುವ, ನಿವೃತ್ತಿಗೆ ಹತ್ತಿರವಾದ ಟೇಪಣ್ಣ ಪಕ್ಕದಿಂದ ಬಗ್ಗಿ, ತನಗೆ ಮಬ್ಬಾಗಿ ಕಾಣ್ತಿದೆಯಲ್ಲ ಅಂದ. ಟ್ಯಾಬನ್ನು ಅಡ್ಡ ಹಿಡಿದರೆ ಆ ಕನ್ನಡಕದೊಳಗಿಂದ ಏನೂ ಕಾಣುವುದಿಲ್ಲ, ನೆಟ್ಟಗೆ ಹಿಡಿದರೆ ಕಾಣುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಗಂಟೆ ಹಾಳು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಕನ್ನಡಕವನ್ನು ಚೀಲಕ್ಕೆ ತುರುಕಿ, ಅಂದಾಜಿನಲ್ಲೇ ಬೆರಳಿಡುತ್ತ ಹೋದಳು.

ಮಧ್ಯಾಹ್ನ ಊಟಕ್ಕೆ ಅದೇ ರಸ್ತೆಯ ಆಸ್ಪತ್ರೆಯ ವರಾಂಡದ ನೆರಳಿಗೆ ಬಂದು ಪರದೆ ನೋಡಿದಾಗ ಎಡವಟ್ಟು ಗೊತ್ತಾಯಿತು. ‘ಉಳಿಸಿ’, ‘ಕಡಿಯಿರಿ’ ಎರಡೂ ಅಕ್ಕಪಕ್ಕದ ಗುಂಡಿಗಳು. ಉಳಿಯಬೇಕಿದ್ದ ಹನ್ನೊಂದು ಮರ ಕಡಿಯುವ ಪಟ್ಟಿಗೆ ಹೋಗಿದ್ದವು. ಆಸ್ಪತ್ರೆ ಗೇಟಿನ ದೊಡ್ಡ ಮರವೂ ಅದರಲ್ಲಿತ್ತು. ರೋಗಿಗಳ ಮನೆಯವರು ಆಗಲೂ ಅದರ ಬುಡದಲ್ಲಿ ಕಾಲು ಚಾಚಿ ಕೂತಿದ್ದರು. ತಿದ್ದೋಣವೆಂದರೆ, ಕಳಿಸಿದ ಲೆಕ್ಕಕ್ಕೆ ಆಗಲೇ ಬೀಗ ಬಿದ್ದಿತ್ತು. ಕಡಿಯುವವರು ಬರುವುದು ನಾಳೆ ಬೆಳಗ್ಗೆ.

ಮತ್ತೆ ಫೋನ್. ಸೋಮವಾರ ನೋಡೋಣ ಅಂದ ಮೇಲ್ವಿಚಾರಕರು, ಬ್ರೈಟ್‌ನೆಸ್ ಏರಿಸಿದ್ರಿ ತಾನೆ ಅಂತ ಕೇಳಿದರು.

“ಸರ್, ನೀವು ಈಗಲೇ ಬನ್ನಿ,” ಅಂದಳು. “ಈ ಬಿಸಿಲಲ್ಲಿ ನಿಂತು ಒಂದೇ ಒಂದು ಮರ ತುಂಬಿಸಿ ತೋರಿಸಿ. ಅಲ್ಲೀವರೆಗೆ ನಾನು ಇಲ್ಲಿಂದ ಏಳಲ್ಲ.”

ದನಿ ಏರಿರಲಿಲ್ಲ. ಆದರೂ ಟೇಪಣ್ಣ ಬಾಯಿಗಿಟ್ಟ ತುತ್ತನ್ನು ಅಗಿಯುವುದು ನಿಲ್ಲಿಸಿದ.

ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಆ ಅಂಗಿಯ ಬಿಳುಪೂ ಪರದೆಗೆ ಬಡಿದು, ಇದ್ದಬದ್ದದ್ದನ್ನೂ ಅಳಿಸಿತು. ಕಣ್ಣು ಕಿರಿದು ಮಾಡಿ, ಕೈ ಅಡ್ಡ ಹಿಡಿದು, ಗೇಟಿನ ಪಕ್ಕದ ಎಳೆ ಮರವೊಂದಕ್ಕೆ ‘ಉಳಿಸಿ’ ಅಂತ ಒತ್ತಿ, ಇಷ್ಟೇ ತಾನೆ ಅಂದರು. ಅವಳು ಟ್ಯಾಬನ್ನು ನೆರಳಿಗೆ ತಂದು ತೋರಿಸಿದಳು.

“ತಪ್ಪಿದ್ದು ಹನ್ನೊಂದಿತ್ತು, ಈಗ ಹನ್ನೆರಡಾಯ್ತು ಸರ್.”

ಅವರು ಪಕ್ಕಕ್ಕೆ ಹೋಗಿ ನಾಲ್ಕು ಕಡೆ ಫೋನ್ ಮಾಡಿ ಬೀಗ ತೆಗೆಸಿದರು. ಹನ್ನೆರಡನ್ನೂ ಅವಳು ವರಾಂಡದಲ್ಲೇ ಕೂತು, ಟೇಪಣ್ಣನ ಕೈಲಿ ಒಂದೊಂದಾಗಿ ಓದಿಸಿ ತಿದ್ದಿದಳು.

ಇನ್ನೂ ಎಣಿಸದ ಮರಗಳ ಕೆಲಸಕ್ಕೆ ಆಸ್ಪತ್ರೆ ಕಾವಲುಗಾರನ ಕಪ್ಪು ಕೊಡೆಯನ್ನು ಕೇಳಿ ತಂದರು. ಪ್ರತಿ ಮರದ ಅಳತೆ ಮುಗಿದ ಮೇಲೆ ಟೇಪಣ್ಣ ಅದನ್ನು ಅವಳ ತಲೆಗಲ್ಲ, ಟ್ಯಾಬಿಗೆ ಹಿಡಿದ. ಅಕ್ಷರಗಳು ಎದ್ದು ಕಂಡವು. ಬೆಳಗ್ಗೆಯೇ ಇದು ಹೊಳೆಯಲಿಲ್ಲವಲ್ಲ ಅಂತ ಅವಳಿಗೆ ಇನ್ನಷ್ಟು ರೇಗಿತು.

ಹನ್ನೆರಡರಿಂದ ಮೂರರವರೆಗೆ ಹೊರಗಿನ ಗಣತಿ ಬೇಡ ಅಂತ ಮರುವಾರ ಸುತ್ತೋಲೆ ಬಂತು. ಪ್ರತಿಫಲನ ತಗ್ಗಿಸುವ ಹಾಳೆ ಬೇಕೆಂದು ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಕಾದು ಕಾದು ಸಾಕಾಗಿ, ಅವಳೇ ಮೊಬೈಲ್ ಅಂಗಡಿಗೆ ಹೋಗಿ ಅಂಟಿಸಿಕೊಂಡು ಬಂದಳು.